ವಕೀಲರನ್ನು ಕೇಳಿ: ಅವರಿಗೆ ಮೊದಲೇ ಮದುವೆಯಾಗಿದೆ

ಅಡ್ಮಿನ್: ಮದುವೆಯಾದ ಗಂಡಸಿನ ಜೊತೆಗಿನ ಸಂಬಂಧದ ಬಗ್ಗೆ ಈ ವಾರ ಕೌಟುಂಬಿಕ ನ್ಯಾಯಾಲಯದ ವಕೀಲರು ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರು ಸಾಕು.

ಬೆಂಗಳೂರು: ಮೇಡಂ, ನನಗೆ 36. ಆಫೀಸಿನಲ್ಲಿ ಪರಿಚಯ, ನಾಲ್ಕು ವರ್ಷ ಆಯಿತು. ಮದುವೆಯಾಗಿದೆ ಅಂತ ಅವರು ಮೊದಲೇ ಹೇಳಿದ್ದರು. ಹೆಂಡತಿ ಜೊತೆ ಮಾತೇ ಇಲ್ಲ, ಇಬ್ಬರೂ ಒಪ್ಪಿ ಡಿವೋರ್ಸ್ ಹಾಕಿದ್ದೇವೆ, ನಡೀತಿದೆ ಅಂತಾರೆ. ಹೋದ ವರ್ಷ ದೇವಸ್ಥಾನದಲ್ಲಿ ತಾಳಿ ಕಟ್ಟಿದರು. ಸೈಟ್ ತಗೊಳ್ಳೋಕೆ ಅಂತ ಒಡವೆ ಅಡವಿಟ್ಟು 6 ಲಕ್ಷ ಸಾಲ ಕೊಟ್ಟಿದ್ದೇನೆ. ಈಗ ಇನ್ನೂ 3 ಲಕ್ಷ ಲೋನ್ ತೆಗಿ ಅಂತಿದ್ದಾರೆ. ನಾನು ಅವರ ಹೆಂಡತಿ ತಾನೇ?

ದಾವಣಗೆರೆ: ನನ್ನ ಗಂಡನ ಜೊತೆ ಇರುವವಳ ಮೇಲೆ ಪೊಲೀಸ್ ಕೇಸ್ ಹಾಕಬಹುದಾ?

ವಕೀಲರು: ದಾವಣಗೆರೆಯವರೇ, ಆಗುವುದಿಲ್ಲ. ವ್ಯಭಿಚಾರ ಅಪರಾಧ ಅನ್ನುತ್ತಿದ್ದ ದಂಡಸಂಹಿತೆಯ 497ನೇ ಕಲಂ 2018ರ ಸೆಪ್ಟೆಂಬರ್ 27ರಂದೇ ರದ್ದಾಯಿತು. ಅದು ಇದ್ದಾಗಲೂ ಆ ಹೆಂಗಸಿಗೆ ಶಿಕ್ಷೆ ಇರಲಿಲ್ಲ.

ಬೆಂಗಳೂರಿನವರೇ, ಮೊದಲು ಒಂದು ಮಾತು: ಆ ಲೋನ್‌ಗೆ ಸಹಿ ಹಾಕಬೇಡಿ. ನಿಮ್ಮ ಪ್ರಶ್ನೆ ಓದಿ ನನಗೆ ನಿಜಕ್ಕೂ ಭಯವಾಯಿತು. ಹೆಂಡತಿ ಇರುವಾಗ ಕಟ್ಟಿದ ತಾಳಿಗೆ ಹಿಂದೂ ವಿವಾಹ ಕಾಯ್ದೆಯಲ್ಲಿ ಬೆಲೆ ಇಲ್ಲ, ನೀವು ಕಾನೂನಿನ ಕಣ್ಣಲ್ಲಿ ಅವರ ಹೆಂಡತಿ ಅಲ್ಲ. ಬೆಂಗಳೂರಿನದ್ದೇ ಒಂದು ಕೇಸು ಇದೆ. ಆಕೆ ವರ್ಷಗಟ್ಟಲೆ ಮದುವೆಯಾದ ಒಬ್ಬನ ಜೊತೆ ಒಂದೇ ಮನೆಯಲ್ಲಿ ಇದ್ದವರು. ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ಕೊಡಿ ಅಂದಿದ್ದರು. ಹೈಕೋರ್ಟ್ ಅದನ್ನು ತೆಗೆದುಹಾಕಿತು. ಅವನಿಗೆ ಮದುವೆಯಾಗಿದೆ ಅಂತ ಗೊತ್ತಿದ್ದೇ ಆಕೆ ಇದ್ದರು, ಹಾಗಾಗಿ ಕೌಟುಂಬಿಕ ಹಿಂಸೆ ಕಾಯ್ದೆ ಆಕೆಗೆ ಅನ್ವಯಿಸುವುದಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಇನ್ನು ಡಿವೋರ್ಸ್ ವಿಷಯ. ಇಬ್ಬರೂ ಒಪ್ಪಿ ಹಾಕಿದ ಅರ್ಜಿಗೆ ಕಾಯುವ ಅವಧಿ ಆರು ತಿಂಗಳು, ಅದನ್ನೂ ಕೋರ್ಟ್ ಬಿಡಬಹುದು. ನಾಲ್ಕು ವರ್ಷದಿಂದ ನಡೀತಿದೆ ಅಂದರೆ ನಂಬಬೇಡಿ. ಕೇಸ್ ನಂಬರ್ ಕೇಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಬರುತ್ತದೆ. ನಂಬರ್ ಕೇಳಿದ ಕೂಡಲೇ "ನನ್ನ ಮೇಲೆ ನಂಬಿಕೆ ಇಲ್ವಾ" ಅಂದರೆ ನಿಮಗೆ ಉತ್ತರ ಸಿಕ್ಕಿತು. ನನ್ನ ಟೇಬಲ್ ಎದುರು ಇಬ್ಬರು ಹೆಂಗಸರೂ ಕೂತಿದ್ದಾರೆ, ಬೇರೆ ಬೇರೆ ದಿನ. ಒಬ್ಬಳಿಗೆ "ಮನೆಯಲ್ಲಿ ಮಾತೇ ಇಲ್ಲ" ಅಂದಿರುತ್ತಾನೆ. ಇನ್ನೊಬ್ಬಳು ಅದೇ ವಾರ ಅವನ ಜೊತೆ ಮಗನ ಸ್ಕೂಲ್ ಮೀಟಿಂಗ್‌ಗೆ ಹೋಗಿ ಬಂದಿರುತ್ತಾಳೆ. ಹಬ್ಬದ ದಿನ ನಿಮ್ಮ ಫೋನ್ ಎತ್ತುತ್ತಾರಾ, ಯೋಚನೆ ಮಾಡಿ.

ಆ 6 ಲಕ್ಷ ಯಾವಾಗ ಕೊಟ್ಟಿರಿ? ಸಾಲದ ಹಣಕ್ಕೆ ದಾವೆ ಹಾಕಲು ಕೊಟ್ಟ ದಿನದಿಂದ ಮೂರೇ ವರ್ಷ.

ಮೈಸೂರು: ಇದು ಬಂತು, ಎಲ್ಲರಿಗೂ ಉಪಯೋಗ ಆಗುತ್ತೆ. "ಏಳು ವರ್ಷ ಬೇರೆ ಇದ್ದರೆ ತಾನಾಗಿ ಡಿವೋರ್ಸ್. 100 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದರೂ ಸಾಕು."

ವಕೀಲರು: ಸುಳ್ಳು. ಎರಡೂ ಸುಳ್ಳು. ಹಿಂದೂ ವಿವಾಹ ಕಾಯ್ದೆಯಲ್ಲಿ ಆದ ಮದುವೆ ನೋಟರಿ ಮುಂದೆ ಮುರಿಯುವುದಿಲ್ಲ. ಈ ಪೇಪರ್ ಹಿಡ್ಕೊಂಡು ಇನ್ನೊಂದು ಮದುವೆಯಾದವರ ಮೇಲೆ ಏಳು ವರ್ಷದವರೆಗೆ ಜೈಲಿನ ಕೇಸು ಬೀಳಬಹುದು. ದಯವಿಟ್ಟು ಇಂಥದ್ದು ಕಳಿಸಬೇಡಿ.

ತುಮಕೂರು: ಬೆಂಗಳೂರಿನವರೇ, ಅವರ ಹೆಂಡತಿಯ ಮುಖ ಒಂದ್ಸಲ ನೆನಪಾಗಲಿಲ್ವಾ? ನಿಮ್ಮಂಥವರಿಂದಲೇ ನಾನು ಎರಡು ಮಕ್ಕಳನ್ನ ಕಟ್ಟಿಕೊಂಡು ತವರಲ್ಲಿ ಕೂತಿದ್ದೇನೆ.

ಉಡುಪಿ: ಅವಳಿಗೆ ಯಾಕೆ ಬೈತೀರಿ? ತಾಳಿ ಕಟ್ಟಿದವನು ಮಾತು ತಪ್ಪಿದ್ದು. ಅವನನ್ನ ಕೇಳಿ.

ತುಮಕೂರು: ಗೊತ್ತಿದ್ದೂ ಹೋದವಳು ಮುಗ್ಧೆನಾ? ನಿಮ್ಮ ಮನೆಗೇ ಬಂದಿದ್ದರೆ ಹೀಗೆ ಹೇಳ್ತಿದ್ರಾ?

ಉಡುಪಿ: ಬಂದಿತ್ತು. ಅವಳನ್ನ ಬೈದು ಮೂರು ವರ್ಷ ಕಳೆದೆ. ಅವನು ಆರಾಮಾಗಿದ್ದ. ಅದಕ್ಕೇ ಹೇಳ್ತಿರೋದು.

ಶಿವಮೊಗ್ಗ: ನನ್ನದು ಮುಗಿದು ಆರು ತಿಂಗಳಾಯಿತು. ಅವರ ಹೆಂಡತಿಗೆ ನಾನೇ ಹೋಗಿ ಹೇಳಬೇಕಾ?

ಹಾವೇರಿ: ಅವಳ ಮೇಲೆ ಕೇಸ್ ಹಾಕೋಕೆ ಆಗುತ್ತಾ ಮೇಡಂ?

ವಕೀಲರು: ಮೇಲೆ ಹೇಳಿದ್ದೇನೆ.

ತುಮಕೂರಿನವರೇ, ನಿಮ್ಮ ನೋವು ಅರ್ಥವಾಗುತ್ತದೆ. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ನೀವು ಬೇರೆ ಇದ್ದೇ ಜೀವನಾಂಶ ಕೇಳಬಹುದು, ಡಿವೋರ್ಸ್‌ಗೂ ಅದು ಕಾರಣ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಆ ಅರ್ಜಿಗೆ ಓಡಾಡಿ, ಇಲ್ಲಿ ಜಗಳ ಬೇಡ.

ಮೈಸೂರು: ಗಂಡ ವಾಪಸ್ ಬರೋಕೆ ಒಬ್ಬರು ಗುರೂಜಿ ಇದ್ದಾರೆ, 48 ದಿನದ ಪೂಜೆ. ನಂಬರ್ ಬೇಕಾದವರು

ವಕೀಲರು: ಅಡ್ಮಿನ್, ಇದನ್ನು ಅಳಿಸಿ. ವಶೀಕರಣದವರಿಗೆ ಮಾಂಗಲ್ಯದ ಸರವನ್ನೇ ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ.

ಮೈಸೂರು: ಒಳ್ಳೇದಕ್ಕೇ ಹಾಕಿದ್ದು. ಇಷ್ಟು ಕೋಪ ಯಾಕೆ?

ತುಮಕೂರು: ಜಗಳ ಮಾಡಿದ್ದು ನಾನಲ್ಲ.

ಉಡುಪಿ: ಶುರು ಮಾಡಿದ್ದು ಯಾರು, ಮೇಲೆ ಹೋಗಿ ಓದಿ.

ಬೆಂಗಳೂರು: ಮೇಡಂ, ಕೇಸ್ ನಂಬರ್ ಕೇಳಿದೆ. ಫೋನ್ ಕಟ್ ಮಾಡಿದರು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದೆ, ಹಣ ಹಾಕಿ 2 ವರ್ಷ 10 ತಿಂಗಳಾಗಿದೆ. ಈ ಯುಗಾದಿಗೂ ಫೋನ್ ಎತ್ತಿರಲಿಲ್ಲ.

ವಕೀಲರು: ಎರಡೇ ತಿಂಗಳು ಉಳಿದಿದೆ. ವಾಪಸ್ ಕೊಡ್ತೀನಿ ಅಂತ ಅವರು ಬರೆದ ಒಂದು ಮೆಸೇಜನ್ನೂ ಅಳಿಸಬೇಡಿ. ಸ್ಟೇಟ್‌ಮೆಂಟ್, ಒಡವೆ ಅಡವಿಟ್ಟ ರಸೀದಿ ತಗೊಂಡು ಸೋಮವಾರವೇ ಒಬ್ಬ ವಕೀಲರ ಹತ್ತಿರ ಹೋಗಿ. ಹಣ ತಗೊಂಡವರಿಗೆ ಮೊದಲೇ ಹೇಳಬೇಡಿ. ಊಟ ಮಾಡಿದ್ರಾ?

ಬೆಂಗಳೂರು: ಇಲ್ಲ ಮೇಡಂ. ಮಾಡ್ತೀನಿ.