ಮನೆಯಲ್ಲಿ ಹೊರಡುವ ದನಿ ವೇದಿಕೆಯ ಮೇಲೆ ಏಕೆ ಒಡೆಯುತ್ತದೆ?

ಪ್ರಶ್ನೆ: ಹಾಸನ ಜಿಲ್ಲೆಯ ಶಿಕ್ಷಕಿ

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವವಳು, ವಯಸ್ಸು 46. ಚಿಕ್ಕಂದಿನಲ್ಲಿ ಮೂರು ವರ್ಷ ಕರ್ನಾಟಕ ಸಂಗೀತ ಕಲಿತು, ಅಲಂಕಾರಗಳನ್ನು ದಾಟಿ ಗೀತೆಗಳವರೆಗೆ ಬಂದು, ಆಮೇಲೆ ಬಿಟ್ಟುಬಿಟ್ಟೆ. ಆದರೂ ಅಡುಗೆ ಮಾಡುವಾಗ, ಸಂಜೆ ದೀಪ ಹಚ್ಚಿದ ಮೇಲೆ, ಒಂದೆರಡು ಭಾವಗೀತೆಗಳನ್ನೋ ದೇವರನಾಮಗಳನ್ನೋ ಹಾಡಿಕೊಳ್ಳುವ ಅಭ್ಯಾಸ ಉಳಿದುಕೊಂಡಿದೆ. ಕೇಳಿದವರು ಚೆನ್ನಾಗಿದೆ ಎನ್ನುತ್ತಾರೆ; ಅದು ಬರೀ ದಾಕ್ಷಿಣ್ಯದ ಮಾತಲ್ಲವೆಂದು ನನಗೂ ಅನ್ನಿಸುತ್ತದೆ.

ಕಳೆದ ಗಣೇಶೋತ್ಸವದಲ್ಲಿ ನಮ್ಮ ಬಡಾವಣೆಯವರ ಒತ್ತಾಯಕ್ಕೆ ಮಣಿದು, ನನಗೆ ಬಾಯಿಪಾಠವಾಗಿರುವ ಭಾವಗೀತೆಯೊಂದನ್ನು ವೇದಿಕೆಯ ಮೇಲೆ ಹಾಡಿದೆ. ಆಯೋಜಕರೇ ಮೊಬೈಲಿನಲ್ಲಿ ಕರೋಕೆ ಟ್ರ್ಯಾಕ್ ಹಾಕಿಕೊಟ್ಟರು. ಪಲ್ಲವಿ ತೊಂದರೆಯಿಲ್ಲದೆ ಬಂತು. ಚರಣದಲ್ಲಿ ಸ್ವರ ಮೇಲೇರುವ ಸಾಲಿಗೆ ಬಂದಾಗ ಗಂಟಲು ಬಿಗಿದು, ದನಿ ಕೀರಲಾಗಿ ಒಡೆದು, ಮುಂದಿನ ಎರಡು ಸಾಲು ಬರೀ ತುಟಿ ಆಡಿಸಿದೆ. ಎದುರಿನ ಸಾಲಿನಲ್ಲಿ ನನ್ನ ವಿದ್ಯಾರ್ಥಿಗಳೇ ಕುಳಿತಿದ್ದರು. ಅವರಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು.

ನವೆಂಬರಿನ ರಾಜ್ಯೋತ್ಸವಕ್ಕೆ ಮತ್ತೆ ಹಾಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಇನ್ನು ಎಂಟು ವಾರಗಳಿವೆ. ದನಿಯನ್ನು ಹದಗೊಳಿಸಿಕೊಳ್ಳಲು ಏನು ಮಾಡಬೇಕು, ವೇದಿಕೆಯ ಹೆದರಿಕೆಯನ್ನು ಕಳೆದುಕೊಳ್ಳುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಧೈರ್ಯ ತಂದುಕೊಳ್ಳಿ ಎಂಬ ಮಾತನ್ನು ಈಗಾಗಲೇ ಸಾಕಷ್ಟು ಕೇಳಿದ್ದೇನೆ.

ಉತ್ತರ: ಮೈಸೂರಿನ ಸಂಗೀತ ಶಿಕ್ಷಕರು

ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹೆದರಿಕೆಯಲ್ಲ, ಆ ಕರೋಕೆ ಟ್ರ್ಯಾಕು. ಹೆದರಿಕೆಯೇ ಕಾರಣವಾಗಿದ್ದರೆ ಪಲ್ಲವಿಯಲ್ಲಿಯೇ ದನಿ ನಡುಗಬೇಕಿತ್ತು. ಪಲ್ಲವಿ ಸಲೀಸಾಗಿ ಬಂದು ಚರಣದ ತಾರಸ್ಥಾಯಿಯಲ್ಲಿ (ಮೇಲಿನ ಸ್ವರಗಳಲ್ಲಿ) ಒಡೆಯಿತು ಎಂದರೆ ಅನುಮಾನ ಪಡಬೇಕಾದದ್ದು ಶ್ರುತಿಯನ್ನು, ಅಂದರೆ ಹಾಡಿಗೆ ಆಧಾರವಾದ ಷಡ್ಜದ ('ಸ' ಸ್ವರದ) ಎತ್ತರವನ್ನು. ಆ ಗೀತೆಯನ್ನು ಮೊದಲು ಹಾಡಿದವರು ಗಂಡಸರೇ ಎಂದು ಕೇಳಿಕೊಳ್ಳಿ. ಹೌದಾದರೆ ಟ್ರ್ಯಾಕ್ ಬಹುಶಃ ಅವರ ಶ್ರುತಿಯಲ್ಲಿಯೇ ಇತ್ತು.

ಉದಾಹರಣೆಗೆ, ಗಾಯಕರ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದು (ಮೊದಲನೆಯ ಕಪ್ಪು ಮನೆ, ಅಂದರೆ ಕೀಲಿ) ಎಂದಿಟ್ಟುಕೊಳ್ಳೋಣ. ಹೆಂಗಸರಲ್ಲಿ ಹೆಚ್ಚಿನವರಿಗೆ ಬಿಳಿ ಐದರಿಂದ ಕಪ್ಪು ಐದರೊಳಗೆ ಎಲ್ಲೋ ಒಂದು ಕಡೆ ಶ್ರುತಿ ಕೂಡುತ್ತದೆ. ಕಪ್ಪು ಒಂದರ ಟ್ರ್ಯಾಕಿಗೆ ನೀವು ದನಿಗೂಡಿಸಿದರೆ, ಆ ಗಾಯಕರ ಷಡ್ಜ ನಿಮಗೆ ಪಾತಾಳ. ಹಾಗಾಗಿ ನಿಮಗೆ ಅರಿವಿಲ್ಲದೆಯೇ ಒಂದು ಸ್ಥಾಯಿ ಮೇಲಿನ ಷಡ್ಜವನ್ನು ಹಿಡಿದಿರುತ್ತೀರಿ. ಪಲ್ಲವಿ ಕೆಳಗಿನ ಸ್ವರಗಳಲ್ಲಿ ಓಡಾಡುವವರೆಗೆ ಅದು ಹಿತವಾಗಿಯೇ ಇರುತ್ತದೆ, ಒಳ್ಳೆಯ ಕಂಠ ಬಂದಿದೆ ಎಂದೂ ಅನ್ನಿಸಬಹುದು. ಚರಣದಲ್ಲಿ ತಾರಷಡ್ಜವನ್ನು ಮುಟ್ಟುವ ಹೊತ್ತಿಗೆ ನೀವು ಮನೆಯಲ್ಲಿ ಎಂದೂ ಹೋಗದ ಎತ್ತರದಲ್ಲಿರುತ್ತೀರಿ. ಮನೆಯಲ್ಲಿ ಟ್ರ್ಯಾಕಿಲ್ಲದೆ ಹಾಡುವಾಗ ನಿಮ್ಮ ಕಂಠ ತನಗೆ ಬೇಕಾದ ಶ್ರುತಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಮನೆಗೂ ವೇದಿಕೆಗೂ ಇದ್ದ ವ್ಯತ್ಯಾಸ ಇಷ್ಟೇ ಇರಬಹುದು.

ಆದ್ದರಿಂದ ಮೊದಲ ವಾರ ಬೇರೇನೂ ಬೇಡ. ತಂಬೂರದ ಆ್ಯಪ್ ಒಂದನ್ನು ಹಾಕಿಕೊಂಡು, ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಗುರುತಿಸಿಕೊಳ್ಳಿ. ಶ್ರುತಿಯನ್ನು ಒಂದೊಂದೇ ಮನೆ ಬದಲಿಸುತ್ತ ಹೋಗಿ, ಕೆಳಗಿನ ಸ್ವರ ಪಕ್ಕದ ಕೋಣೆಗೆ ಕೇಳಿಸುವಂತೆಯೂ ಮೇಲಿನ ಸ್ವರವನ್ನು ಹತ್ತು ಸಲ ಹಾಡಿದರೂ ಕತ್ತಿನ ನರ ಉಬ್ಬದಂತೆಯೂ ಇರುವ ಮನೆಯನ್ನು ಹುಡುಕಿ. ಅದೇ ಆ ಹಾಡಿಗೆ ನಿಮ್ಮ ಶ್ರುತಿ. ಟ್ರ್ಯಾಕನ್ನು ಆ್ಯಪ್ ಮೂಲಕ ಏರಿಸಿ ಇಳಿಸಬಹುದು. ಮೂರು ನಾಲ್ಕು ಸ್ವರಸ್ಥಾನಗಳನ್ನು (ಮನೆಗಳನ್ನು) ದಾಟಿದರೆ ವಾದ್ಯಗಳ ದನಿ ಕೆಡತೊಡಗುತ್ತದೆ, ಆಗ ಕೀಬೋರ್ಡ್ ನುಡಿಸುವವರೊಬ್ಬರನ್ನು ಹುಡುಕಿಕೊಳ್ಳುವುದು ಮೇಲು.

ಇನ್ನು ಸಾಧನೆಯ ಮಾತು. ನಿಮಗೆ ಸರಳೆ ವರಸೆ ಬರುತ್ತದೆ, ಬೇರೆ ಪಾಠ ಹುಡುಕಬೇಕಾಗಿಲ್ಲ. ಮಾಯಾಮಾಳವಗೌಳದ ಅದೇ ವರಸೆಗಳನ್ನು ಸ್ವರದಲ್ಲಿ ಒಮ್ಮೆ, ಅಕಾರದಲ್ಲಿ ಒಮ್ಮೆ, ನಿಧಾನದ ಮೊದಲನೆಯ ಕಾಲದಲ್ಲಿ ಮಾತ್ರ ಹಾಡಿ. ಎರಡು ಮತ್ತು ಮೂರನೆಯ ಕಾಲಗಳು ಎಂಟು ವಾರಗಳ ಕೆಲಸವಲ್ಲ. ಅಕಾರ ಹಾಡುವಾಗ ಬಾಯಿ ಎರಡು ಬೆರಳು ಹಿಡಿಸುವಷ್ಟು ತೆರೆದಿರಲಿ. ನಮ್ಮಲ್ಲಿ ಬಹಳ ಮಂದಿ ಹಲ್ಲು ಕಚ್ಚಿಕೊಂಡೇ ಹಾಡುತ್ತಾರೆ, ಆಮೇಲೆ ದನಿ ಮುಂದಕ್ಕೆ ಬರುತ್ತಿಲ್ಲವೆಂದು ಕೊರಗುತ್ತಾರೆ.

ಉಸಿರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನೀವು ಕನ್ನಡ ಶಿಕ್ಷಕಿಯಾದ್ದರಿಂದ ಇದು ಬೇಗ ಹಿಡಿಸೀತು. ಉಸಿರು ತೆಗೆದುಕೊಳ್ಳುವ ಜಾಗವನ್ನು ಗಂಟಲಿಗೆ ಬಿಡಬಾರದು, ಪದಚ್ಛೇದ ತೀರ್ಮಾನಿಸಬೇಕು. "ಬರಲಿಲ್ಲವೇಕೆ" ಎಂಬ ಮಾತನ್ನು "ಬರಲಿ" ಎಂದು ತುಂಡರಿಸಿ, ಉಸಿರೆಳೆದು, "ಇಲ್ಲವೇಕೆ" ಎಂದು ಹಾಡಿದರೆ ಬಾರದವನನ್ನು ಕರೆದಂತಾಗುತ್ತದೆ. ಹಾಡನ್ನು ಹಾಳೆಯ ಮೇಲೆ ಬರೆದು, ಉಸಿರಿನ ಜಾಗಗಳಿಗೆಲ್ಲ ಕೆಂಪು ಗೆರೆ ಹಾಕಿ, ಪ್ರತಿದಿನವೂ ಅಲ್ಲಲ್ಲಿಯೇ ಉಸಿರಾಡಿ. ವೇದಿಕೆಯ ಮೇಲೆ ಗಾಬರಿಯಾದಾಗ ಮೊದಲು ಮೊಟಕಾಗುವುದು ಉಸಿರು. ಜಾಗ ಗೊತ್ತಿದ್ದರೆ ಅದು ತಾನಾಗಿಯೇ ಅಲ್ಲಿಗೆ ಬಂದು ನಿಲ್ಲುತ್ತದೆ.

ಉತ್ತರ: ಧಾರವಾಡದಿಂದ

ಶ್ರುತಿಯ ವಿಷಯದಲ್ಲಿ ಮೈಸೂರಿನ ಗುರುಗಳು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ದನಿಯ ಬುಡ ಗಟ್ಟಿಯಾಗಬೇಕಾದರೆ ಖರ್ಜದ ಸಾಧನೆಗೆ ಬದಲಿಯಿಲ್ಲ ಎಂಬುದು ನಮ್ಮ ಕಡೆಯ ಅನುಭವ. ಬೆಳಗಿನ ಜಾವ, ಮಾತು ಆರಂಭವಾಗುವ ಮೊದಲು, ಮಂದ್ರದ (ಕೆಳಗಿನ ಸ್ಥಾಯಿಯ) ಸ್ವರಗಳಲ್ಲಿ ಇಳಿದು ಒಂದೊಂದು ಸ್ವರದ ಮೇಲೆ ಒಂದೊಂದು ಪೂರ್ತಿ ಉಸಿರು ನಿಲ್ಲಬೇಕು. ನನಗೆ ಕಲಿಸಿದವರು ಮೊದಲ ವರ್ಷ ದಿನಕ್ಕೆ ಒಂದು ತಾಸು ಇದನ್ನೇ ಮಾಡಿಸಿದರು. ಬೇಸರದಿಂದ ಅಳು ಬರುತ್ತಿತ್ತು, ನಿಜ. ಆದರೆ ಮೇಲಿನ ಸ್ವರ ತೆಳುವಾಗದೆ ನಿಲ್ಲುವುದು ಈ ಬುಡದ ಮೇಲೆಯೇ.

ಇನ್ನೊಂದು ಮಾತು. ದನಿ ಇಂಪಾಗಿರಬೇಕು, ತೆಳ್ಳಗೆ ಜೇನಿನ ಹಾಗಿರಬೇಕು ಎಂಬ ಹಂಬಲವನ್ನು ಹೆಂಗಸರ ಮೇಲೆ ಹೇರಿಕೊಂಡು ಬಂದಿದ್ದೇವೆ. ಗಂಗೂಬಾಯಿ ಹಾನಗಲ್ಲರ (1913–2009) ಆರಂಭದ ಧ್ವನಿಮುದ್ರಿಕೆಗಳಲ್ಲಿ ದನಿ ತೆಳ್ಳಗಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ದಪ್ಪವಾಗಿ, ಗಂಡುದನಿಯ ಹಾಗಾಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ಆ ತಾಯಿ, ಹೋದ ದನಿಗಾಗಿ ಕೂಗಾಡದೆ ಬಂದ ದನಿಯಲ್ಲಿಯೇ ಕಿರಾನಾ ಘರಾನೆಯ ಹಾಡುಗಾರಿಕೆಯನ್ನು ಕಟ್ಟಿದರು. ಜನ ಇಂದಿಗೂ ಕೇಳುವುದು ಆ ಎರಡನೆಯ ದನಿಯನ್ನೇ. ನಲವತ್ತು ದಾಟಿದ ಮೇಲೆ ನಿಮ್ಮ ದನಿಯೂ ಒಂದಿಷ್ಟು ಕೆಳಗಿಳಿದಿರಬಹುದು. ಇಪ್ಪತ್ತರ ದನಿಯನ್ನು ಹುಡುಕಿಕೊಂಡು ಹೋಗಬೇಡಿ.

ಉತ್ತರ: ವಾಕ್ ಚಿಕಿತ್ಸಕಿ

ಮೇಲಿನ ಸಲಹೆಗೆ ಒಂದು ತಿದ್ದುಪಡಿ ಅಗತ್ಯವೆಂದು ತೋರುತ್ತದೆ. ದಿನಕ್ಕೆ ಐದಾರು ಪಿರಿಯಡ್ ಗಟ್ಟಿಯಾಗಿ ಮಾತಾಡುವ ಶಿಕ್ಷಕಿಗೆ ಒಂದು ತಾಸಿನ ಖರ್ಜ ಸಾಧನೆ ಔಷಧವಾಗದೆ ಹೊರೆಯಾಗುವ ಸಂಭವವೇ ಹೆಚ್ಚು. ಬಿಳಿ ಐದರ ಷಡ್ಜವನ್ನು ಹಾಡುವಾಗ ಹೆಂಗಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 196 ಬಾರಿ ಒಂದಕ್ಕೊಂದು ತಾಗುತ್ತವೆ, ತಾರಷಡ್ಜದಲ್ಲಿ ಸುಮಾರು 392 ಬಾರಿ. ತರಗತಿಯ ಗದ್ದಲದ ಮೇಲೆ ಕೂಗುವಾಗ ಈ ತಾಗುವಿಕೆ ಬಡಿತವಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಅಂಗೈಯಲ್ಲಿ ಜಡ್ಡುಗಟ್ಟುವಂತೆ ತಂತುಗಳ ಅಂಚಿನಲ್ಲಿಯೂ ಗಂಟುಗಳಾಗಬಹುದು. ನನ್ನ ಬಳಿಗೆ ಬರುವವರಲ್ಲಿ ಹಾಡುಗಾರರಷ್ಟೇ ಶಿಕ್ಷಕಿಯರೂ ಇರುತ್ತಾರೆ.

ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ ಸಾಕು. ಮೊದಲ ಐದು ನಿಮಿಷ ತುಟಿ ಮುಚ್ಚಿ "ಮ್" ಎಂದು ಗುನುಗಿ. ಅಥವಾ ಎಳನೀರು ಕುಡಿಯುವ ಕೊಳವೆಯನ್ನು ತುಟಿಗಳ ನಡುವೆ ಹಿಡಿದು, ಅದರ ಮೂಲಕ "ಊ" ಎಂಬ ನಾದವನ್ನು ಕೆಳಗಿಂದ ಮೇಲಕ್ಕೂ ಮೇಲಿಂದ ಕೆಳಕ್ಕೂ ಜಾರಿಸಿ. ಬಾಯಿಯ ತುದಿ ಕಿರಿದಾದಾಗ ಒಳಗಿನ ಗಾಳಿಯ ಒತ್ತಡ ಹಿಂದಕ್ಕೆ ತಳ್ಳಿ ತಂತುಗಳ ಬಡಿತವನ್ನು ಮೆದುವಾಗಿಸುತ್ತದೆ. ಮನೆಯವರಿಗೆ ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಗಂಟಲು ಬಿಗಿಯುವವರಿಗೆ ಇದರಷ್ಟು ಸುಲಭದ ಉಪಾಯ ಬೇರೆ ನನಗೆ ಕಂಡಿಲ್ಲ.

ಹಾಡುವ ಮೊದಲು ಗಟಗಟನೆ ಬಿಸಿನೀರು ಕುಡಿದರೆ ಗಂಟಲು ತೆರೆಯುತ್ತದೆ ಎಂದು ನಂಬಿದವರು ಬಹಳ. ಕುಡಿದ ನೀರು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಕೆಮ್ಮು ಬರುತ್ತದೆ. ದೇಹದ ಮೂಲಕ ಅವುಗಳಿಗೆ ತೇವ ತಲುಪಲು ಸಮಯ ಬೇಕು, ಆದ್ದರಿಂದ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಮೊಸರು, ಬಾಳೆಹಣ್ಣುಗಳ ಬಗ್ಗೆ ಇಷ್ಟೊಂದು ಭಯ ಬೇಡ. ಭಯಪಡಬೇಕಾದದ್ದು ರಾತ್ರಿ ಹತ್ತಕ್ಕೆ ಖಾರದ ಊಟ ಮಾಡಿ ಹತ್ತೂವರೆಗೆ ಮಲಗುವುದಕ್ಕೆ, ಏಕೆಂದರೆ ಹೊಟ್ಟೆಯ ಆಮ್ಲ ಮೇಲೇರಿ ಗಂಟಲನ್ನು ಸುಡುತ್ತದೆ. ಪಾಠದ ನಡುವೆ ಗೊರಗೊರ ಗಂಟಲು ಕೆರೆಯುವ ಅಭ್ಯಾಸವಿದ್ದರೆ ಅದನ್ನೂ ಬಿಟ್ಟು, ಒಂದು ಗುಟುಕು ನೀರು ನುಂಗಿ.

ದನಿ ಗೊಗ್ಗರಾಗಿ ಮೂರು ವಾರಗಳಾದರೂ ಸರಿಹೋಗದಿದ್ದರೆ ಕಷಾಯ ಕುಡಿಯುತ್ತ ಕೂರದೆ ಕಿವಿ-ಮೂಗು-ಗಂಟಲು ತಜ್ಞರಿಂದ ತಂತುಗಳನ್ನು ನೋಡಿಸಬೇಕು. ನಿಮ್ಮ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರವೇನಲ್ಲ.

ಉತ್ತರ: ಮೈಕ್ ಸೆಟ್ಟಿನವನು

ನಾನು ಹಾಡುಗಾರನಲ್ಲ, ಇಪ್ಪತ್ತು ವರ್ಷಗಳಿಂದ ಗಣಪತಿ ಪೆಂಡಾಲು, ರಾಜ್ಯೋತ್ಸವ, ಆರ್ಕೆಸ್ಟ್ರಾಗಳಿಗೆ ಧ್ವನಿವರ್ಧಕ ಕಟ್ಟುವವನು. ಹಾಡುವವರ ದನಿ ಒಡೆಯುವುದನ್ನು ವೇದಿಕೆಯ ಪಕ್ಕದಿಂದ ನೋಡಿರುವ ಕಾರಣ ಎರಡು ಮಾತು ಸೇರಿಸುತ್ತೇನೆ.

ವೇದಿಕೆಯ ಮೇಲಿರುವವರಿಗೆ ತಮ್ಮ ದನಿ ತಮಗೇ ಕೇಳಿಸುವುದಿಲ್ಲ. ದೊಡ್ಡ ಸ್ಪೀಕರುಗಳೆಲ್ಲ ಜನರ ಕಡೆಗೆ ಮುಖ ಮಾಡಿರುತ್ತವೆ. ಕೇಳಿಸದಿದ್ದಾಗ ಮನುಷ್ಯ ಕೂಗುತ್ತಾನೆ, ಕೂಗಿದಾಗ ಗಂಟಲು ಹೋಗುತ್ತದೆ. ಆದ್ದರಿಂದ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಬಂದು, ಹಾಡುವವರ ಕಡೆ ತಿರುಗಿಸಿದ ಒಂದು ಮಾನಿಟರ್ ಸ್ಪೀಕರ್ ಬೇಕು ಎಂದು ಕೇಳಿ. ನಮ್ಮವರು ಗೊಣಗುತ್ತಾರೆ, ಆದರೆ ಇಟ್ಟುಕೊಡುತ್ತಾರೆ. ಆಮೇಲೆ ಪಲ್ಲವಿಯನ್ನಲ್ಲ, ಹಾಡಿನ ಅತಿ ಮೇಲಿನ ಸಾಲನ್ನು ಮೈಕಿನಲ್ಲಿ ಹಾಡಿ ನೋಡಿ. "ಹಲೋ, ಒನ್, ಟೂ, ತ್ರೀ" ಎಂದು ಹೋಗುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಮೈಕು ಬಾಯಿಯಿಂದ ಎರಡು ಮೂರು ಬೆರಳಿನಷ್ಟು ದೂರವಿರಲಿ. ಮೇಲಿನ ಸ್ವರಕ್ಕೆ ಹೋಗುವಾಗ ಒಂದು ಗೇಣಿನಷ್ಟು ದೂರ ಸರಿಸಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಕುಯ್ಯೆಂಬ ಸದ್ದು ಬಂದು ಎಲ್ಲರೂ ನನ್ನ ಕಡೆ ನೋಡುತ್ತಾರೆ. ಪ, ಬ, ಫ, ಭ ಅಕ್ಷರಗಳು ಢಬ್ ಢಬ್ ಎನ್ನದಿರಲು ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ತುಸು ಓರೆಯಾಗಿ ಹಿಡಿಯಿರಿ. ಟ್ರ್ಯಾಕನ್ನು ಬ್ಲೂಟೂತ್‌ನಲ್ಲಿ ಕೊಡಬೇಡಿ, ಸದ್ದು ಅರೆಗಳಿಗೆ ತಡವಾಗಿ ಬಂದು, ಮೊಬೈಲ್ ನೋಡಿಕೊಂಡು ಹಾಡುವವರ ತಾಳ ತಪ್ಪುತ್ತದೆ, ತಂತಿಯಲ್ಲಿಯೇ ಜೋಡಿಸಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬೇಡಿ. ಭಕ್ತಿಗೀತೆಯ ನಡುವೆ ಸಾಲದ ಕಂಪನಿಯ ಕರೆ ಬಂದು ಇಡೀ ಪೆಂಡಾಲು ಕೇಳಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಭಾನುವಾರ ಆ ಟ್ರ್ಯಾಕನ್ನು ಆಯೋಜಕರಿಂದ ತರಿಸಿಕೊಂಡು ಪರೀಕ್ಷಿಸಿದೆ. ಗೀತೆಯನ್ನು ಮೊದಲು ಹಾಡಿದವರು ಗಂಡಸರೇ. ಶ್ರುತಿ ಕಪ್ಪು ಒಂದೇ. ಉದಾಹರಣೆಗೆಂದು ಗುರುಗಳು ಬರೆದದ್ದು ಅಕ್ಷರಶಃ ನಿಜವಾಯಿತು. ಹಾಡು ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಹರಡಿಕೊಂಡಿದೆ. ಬಿಳಿ ಐದರಲ್ಲಿ ಮೇಲಿನದು ಸುಲಭವಾಗಿ ಬಂದರೂ ಮಂದ್ರ ಪಂಚಮ ಪಕ್ಕದ ಕೋಣೆಯಲ್ಲಿದ್ದ ಮಗಳಿಗೆ ಕೇಳಿಸಲಿಲ್ಲ. ಕಪ್ಪು ನಾಲ್ಕಕ್ಕೆ ಏರಿಸಿದಾಗ ಎರಡೂ ಒದಗಿದವು. ಅದಕ್ಕೆ ಹೊಂದಿಸಲು ಟ್ರ್ಯಾಕನ್ನು ಕಪ್ಪು ಒಂದರಿಂದ ಐದು ಸ್ವರಸ್ಥಾನ ಇಳಿಸಿದರೆ ಕೊಳಲು ಕಹಳೆಯ ಹಾಗೆ ಕೇಳುತ್ತದೆ. ಆದ್ದರಿಂದ ನಮ್ಮ ಶಾಲೆಯ ಗಣಿತ ಶಿಕ್ಷಕರು ಹಾರ್ಮೋನಿಯಂ ನುಡಿಸಲು ಒಪ್ಪಿದ್ದಾರೆ.

ಒಂದು ಸಂದೇಹ ಉಳಿದಿದೆ. ಶ್ರುತಿ ಸರಿಯಾದರೂ ವೇದಿಕೆ ಏರಿದೊಡನೆ ಬಾಯಿ ಒಣಗುವುದು, ಕೈ ತಣ್ಣಗಾಗುವುದು ಇದ್ದೇ ಇರುತ್ತದೆಯಲ್ಲವೇ? ಕಣ್ಣು ಮುಚ್ಚಿ ಹಾಡಬಹುದೇ?

ಉತ್ತರ: ಮೈಸೂರಿನ ಸಂಗೀತ ಶಿಕ್ಷಕರು

ಇರುತ್ತದೆ, ಮೂವತ್ತು ವರ್ಷಗಳಿಂದ ಹಾಡುತ್ತಿರುವ ನನಗೂ ಇದೆ. ಕಣ್ಣು ಮುಚ್ಚಬೇಡಿ, ಮುಚ್ಚಿದರೆ ಎದೆಬಡಿತವೊಂದೇ ದೊಡ್ಡದಾಗಿ ಕೇಳುತ್ತದೆ, ತೆರೆದಾಗ ಜನರೆಲ್ಲ ಒಮ್ಮೆಗೇ ಎದುರಾಗುತ್ತಾರೆ. ಕೊನೆಯ ಸಾಲಿನವರ ತಲೆಯ ಮೇಲೆ ದೃಷ್ಟಿಯಿಡಿ. ಗಾಬರಿಯಲ್ಲಿ ಲಯ ಓಡುತ್ತದೆ, ಹಾಗಾಗಿ ಹಾರ್ಮೋನಿಯಂನವರು ಷಡ್ಜ ಹಿಡಿದ ಮೇಲೆ ಎರಡು ಪೂರ್ತಿ ಉಸಿರಿನಷ್ಟು ಕಾಲ ಸುಮ್ಮನೆ ನಿಂತು, ತುಟಿ ಮುಚ್ಚಿಯೇ ಒಳಗೊಳಗೆ ಶ್ರುತಿ ಸೇರಿಸಿಕೊಂಡು, ಆಮೇಲೆ ಪಲ್ಲವಿ ಎತ್ತಿಕೊಳ್ಳಿ. ನಿಮಗೆ ಅದು ಯುಗದಷ್ಟು ದೀರ್ಘವೆನಿಸುತ್ತದೆ, ಕೇಳುವವರಿಗೆ ಸಿದ್ಧತೆಯ ಹಾಗೆ ಕಾಣುತ್ತದೆ.

ರಾಜ್ಯೋತ್ಸವದವರೆಗೆ ಕಾಯಲೂ ಬೇಡಿ. ಮೊದಲು ಮಗಳ ಎದುರು, ಮುಂದಿನ ವಾರ ಶಿಕ್ಷಕರ ಕೊಠಡಿಯಲ್ಲಿ, ಅದರ ಮುಂದಿನ ವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮೈಕಿನಲ್ಲಿ ಅದೇ ಹಾಡನ್ನು, ಅದೇ ಶ್ರುತಿಯಲ್ಲಿ, ನಿಂತುಕೊಂಡೇ ಹಾಡಿ. ಕುಳಿತು ಅಭ್ಯಾಸ ಮಾಡಿ ನಿಂತು ಹಾಡಿದರೆ ಉಸಿರಿನ ಲೆಕ್ಕ ತಪ್ಪುತ್ತದೆ. ಗಣೇಶೋತ್ಸವದಲ್ಲಿ ಎದುರು ಕುಳಿತಿದ್ದ ಮಕ್ಕಳು ಆ ಪ್ರಾರ್ಥನೆಯ ಸಾಲಿನಲ್ಲಿಯೂ ಇರುತ್ತಾರಷ್ಟೆ?

ಪ್ರಶ್ನೆ ಕೇಳಿದವರ ಮರುನುಡಿ

ಇರುತ್ತಾರೆ, ಹತ್ತನೆಯ ತರಗತಿ 'ಬಿ' ವಿಭಾಗ. ಮೂರನೆಯ ವಾರದ ಸೋಮವಾರಕ್ಕೆ ಪ್ರಾರ್ಥನೆಯ ಪಟ್ಟಿಯಲ್ಲಿ ಹೆಸರು ಬರೆಸಿ ಬಂದಿದ್ದೇನೆ.