50 ಸಾವಿರದಲ್ಲಿ ಗೇಮಿಂಗ್ ಪಿಸಿ: ದುಡ್ಡು ಯಾವ ಭಾಗಕ್ಕೆ ಹೋಗಬೇಕು?

ಪ್ರಶ್ನೆ (ಪದವಿ ವಿದ್ಯಾರ್ಥಿ, ದಾವಣಗೆರೆ): ನಮಸ್ಕಾರ ಸರ್. ನನ್ನ ಹತ್ತಿರ ಇರೋದು ಒಟ್ಟು 50,000 ರೂಪಾಯಿ, ಅದರ ಮೇಲೆ ಹಾಕೋಕೆ ಆಗಲ್ಲ. 1080ಪಿ, 60 ಹರ್ಟ್ಸ್ ಮಾನಿಟರ್, ಕೀಬೋರ್ಡ್, ಮೌಸ್ ಮನೆಯಲ್ಲಿವೆ. ವ್ಯಾಲರಂಟ್, ಜಿಟಿಎ 5 ಆಡ್ತೀನಿ. ಸೈಬರ್‌ಪಂಕ್ 2077 ಮೀಡಿಯಂನಲ್ಲಿ ನಡೆದರೂ ಸಾಕು. ಊರಿನ ಅಂಗಡಿಯೊಂದರಲ್ಲಿ "ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಗೇಮಿಂಗ್ ಸೆಟ್" ಅಂತ 24,000ಕ್ಕೆ ಕೊಡ್ತಾರಂತೆ. ತಗೊಂಡರೆ ಅರ್ಧ ದುಡ್ಡು ಉಳಿಯುತ್ತೆ. ತಗೋಬಹುದಾ?

ಉತ್ತರ (ಕಂಪ್ಯೂಟರ್ ಜೋಡಣೆ ಮತ್ತು ದುರಸ್ತಿ, ಬೆಂಗಳೂರು): ತಮ್ಮ, ಮೊದಲು ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳು. ಐ7 ಅಂದರೆ ಯಾವ ನಂಬರಿನದು? ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಹೆಸರೇನು?

ಈ ಬೆಲೆಯ ಸೆಟ್‌ಗಳಲ್ಲಿ ಹೆಚ್ಚಾಗಿ ಇರೋದು ಐ7-2600 ಅಥವಾ ಐ7-3770. ಒಂದು 2011ರದು, ಇನ್ನೊಂದು 2012ರದು. ಎರಡರಲ್ಲೂ ಎವಿಎಕ್ಸ್2 (ಒಂದೇ ಏಟಿಗೆ ಹಲವು ಲೆಕ್ಕ ಮಾಡಿಸೋ ಪ್ರೊಸೆಸರ್ ಆದೇಶಗಳು) ಅನ್ನೋ ಸೌಲಭ್ಯ ಇಲ್ಲ. ಇಂಟೆಲ್‌ನಲ್ಲಿ ಅದು ಬಂದಿದ್ದು 2013ರ ನಾಲ್ಕನೇ ತಲೆಮಾರಿನಿಂದ. ಅದಿಲ್ಲದೆ ಕೆಲವು ಹೊಸ ಆಟಗಳು ತೆರೆಯೋದೇ ಇಲ್ಲ, ಸೆಟ್ಟಿಂಗ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀನು ಆಡೋ ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನೋ ಎರಡು ಭದ್ರತಾ ಸೌಲಭ್ಯಗಳನ್ನೂ ಕೇಳುತ್ತೆ.

ಇನ್ನು ಆ "4 ಜಿಬಿ ಗ್ರಾಫಿಕ್ಸ್". ಅದು ಜಿಟಿ 730 ಆಗಿದ್ದರೆ ಕೈ ಮುಗಿದು ಬಂದುಬಿಡು. ಕಣಜ ಎಷ್ಟೇ ದೊಡ್ಡದಿರಲಿ, ಬಾಗಿಲು ಕಿಂಡಿಯಷ್ಟೇ ಇದ್ದರೆ ಕಾಳು ಹೊರಗೆ ಬರೋದು ಹಿಡಿಹಿಡಿಯಾಗಿಯೇ. 64 ಬಿಟ್ ಡಿಡಿಆರ್3 ಇರೋ ಜಿಟಿ 730ರ ಮೆಮೊರಿಯಿಂದ ಸೆಕೆಂಡಿಗೆ ಹರಿಯೋದು ಸುಮಾರು 14 ಜಿಬಿ. ಆರ್‌ಎಕ್ಸ್ 6600 ಕಾರ್ಡಿನಲ್ಲಿ (ಇದರ ಬಗ್ಗೆ ಮುಂದೆ ಹೇಳ್ತೀನಿ) ಅದು 224 ಜಿಬಿ. ಕಾರ್ಡಿನ ತಾಕತ್ತನ್ನು ಜಿಬಿ ಲೆಕ್ಕದಲ್ಲಿ ಮಾರೋದನ್ನು ನಂಬಬೇಡ.

ಬಿಡಿಭಾಗ ತಂದು ಜೋಡಿಸೋದೇ ಸರಿ. ದರ ವಾರವಾರಕ್ಕೆ ಏರಿಳಿಯುತ್ತೆ, ಹಾಗಾಗಿ ಪಾಲು ಹೇಳ್ತೀನಿ. ನೂರು ರೂಪಾಯಿಯಲ್ಲಿ 40 ಗ್ರಾಫಿಕ್ಸ್ ಕಾರ್ಡಿಗೆ, 16 ಪ್ರೊಸೆಸರ್‌ಗೆ, 11 ಮದರ್‌ಬೋರ್ಡಿಗೆ, 13 ರ‍್ಯಾಮಿಗೆ, 7 ಎಸ್‌ಎಸ್‌ಡಿಗೆ, 8 ಎಸ್‌ಎಂಪಿಎಸ್‌ಗೆ (ಪಿಸಿಗೆ ಕರೆಂಟು ಕೊಡೋ ಡಬ್ಬ), ಉಳಿದ 5 ಕ್ಯಾಬಿನೆಟ್‌ಗೆ. ನಿನ್ನ ಲೆಕ್ಕದಲ್ಲಿ ಕಾರ್ಡಿಗೆ 20,000, ಎಸ್‌ಎಂಪಿಎಸ್‌ಗೆ 4,000. ಕಡಿಮೆ ಬಿದ್ದರೆ ಕ್ಯಾಬಿನೆಟ್‌ನಲ್ಲಿ ಕಡಿಮೆ ಮಾಡು, ಎಸ್‌ಎಂಪಿಎಸ್ ಮಾತ್ರ ಮುಟ್ಟಬೇಡ. ಬಣ್ಣದ ದೀಪದ ಫ್ಯಾನ್‌ಗಳಿಂದ ಒಂದು ಫ್ರೇಮೂ (ಸೆಕೆಂಡಿಗೆ ಪರದೆ ಮೇಲೆ ಬರೋ ಚಿತ್ರ) ಹೆಚ್ಚಲ್ಲ. ಮುಂದೆ ಜಾಲರಿ, ಮುಂದೊಂದು ಹಿಂದೊಂದು ಫ್ಯಾನ್ ಇದ್ದರೆ ಸಾಕು.

ಕಾರ್ಡು: ಈ ಪಾಲಿಗೆ ಆರ್‌ಎಕ್ಸ್ 6600, 8 ಜಿಬಿ. 132 ವ್ಯಾಟ್, ಒಂದು 8 ಪಿನ್ ಕೇಬಲ್. ನಿನ್ನ ಮಾನಿಟರ್‌ನಲ್ಲಿ ಸೈಬರ್‌ಪಂಕ್ ಮೀಡಿಯಂ–ಹೈ ನಡುವೆ 60 ಫ್ರೇಮಿನ ಆಸುಪಾಸು ಬರುತ್ತೆ, ವ್ಯಾಲರಂಟ್‌ಗಂತೂ ಇದು ಧಾರಾಳ. ಮೂರ್ನಾಲ್ಕು ಸಾವಿರ ಉಳಿಯುತ್ತೆ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಹೋಗಬೇಡ. ಅದರ ಸಾಮಾನ್ಯ ಮಾದರಿಯಲ್ಲಿರೋದು 4 ಜಿಬಿ ಮಾತ್ರ, ಜೊತೆಗೆ ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸೋ ಸಂಪರ್ಕ) ದಾರಿ ನಾಲ್ಕೇ. ಮೆಮೊರಿ ತುಂಬಿದಾಗ ಕಾರ್ಡು ಸಿಸ್ಟಂ ರ‍್ಯಾಮಿನಿಂದ ಎಳೆದುಕೊಳ್ಳಬೇಕು, ಎಳೆಯೋ ದಾರಿಯೇ ಇಕ್ಕಟ್ಟು. ಪಿಸಿಐಇಯ ಹಳೇ ಆವೃತ್ತಿ 3.0 ಮಾತ್ರ ಇರೋ ಎ520 ಬೋರ್ಡು ಅಥವಾ ರೈಜನ್ 5 5500 ಜೊತೆ ಹಾಕಿದರೆ ಆ ದಾರಿ ಇನ್ನೂ ಅರ್ಧವಾಗಿ ಆಟ ಮುಗ್ಗರಿಸುತ್ತೆ. 6600ಕ್ಕೆ ಎಂಟು ದಾರಿ, 8 ಜಿಬಿ ಇರೋದರಿಂದ 3.0ರಲ್ಲೂ ಅಷ್ಟು ನಷ್ಟವಿಲ್ಲ.

ಪ್ರೊಸೆಸರ್: ರೈಜನ್ 5 5600 ಸಿಕ್ಕರೆ ಅದೇ. 6 ಕೋರ್, 12 ಥ್ರೆಡ್, 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ). 5500ರಲ್ಲಿ ಕ್ಯಾಶ್ 16 ಎಂಬಿ, ವ್ಯಾಲರಂಟ್ ತರದ ಆಟದಲ್ಲಿ ಆ ವ್ಯತ್ಯಾಸ ಕಾಣುತ್ತೆ. ದುಡ್ಡು ಸಾಲದಿದ್ದರೆ ಇಂಟೆಲ್ ಐ3-12100ಎಫ್ ಕೂಡ ಮೋಸವಿಲ್ಲ, 4 ಕೋರ್ ಆದರೂ ಒಂದೊಂದು ಕೋರೂ ಚುರುಕು.

ಬೋರ್ಡು: ಬಿ450 ತಗೊಂಡರೆ ಡಬ್ಬದ ಮೇಲೆ ರೈಜನ್ 5000ಕ್ಕೆ ಸಿದ್ಧ ಅನ್ನೋ ಚೀಟಿ ಇದೆಯಾ ನೋಡು. ಹಳೇ ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡೋ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಇದ್ದರೆ 5600 ಹಾಕಿದಾಗ ಫ್ಯಾನ್ ತಿರುಗುತ್ತೆ, ಪರದೆ ಕಪ್ಪಗೇ ಇರುತ್ತೆ, ಬೋರ್ಡೇ ಕೆಟ್ಟಿದೆ ಅಂತ ಅನಿಸುತ್ತೆ. ಅಂಗಡಿಯಲ್ಲೇ ಬಯೋಸ್ ಅಪ್‌ಡೇಟ್ ಮಾಡಿಸಿ, ಅವರ ಎದುರೇ ಡಿಸ್‌ಪ್ಲೇ ಬರಿಸಿ ತಗೊಂಡು ಬಾ.

ರ‍್ಯಾಮ್: 16 ಜಿಬಿಯ ಒಂದು ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ, ಡಿಡಿಆರ್4 3200. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದು. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡು. ಮಾಡದಿದ್ದರೆ ಎಷ್ಟೋ ಕಡ್ಡಿಗಳು 2133 ಅಥವಾ 2400ರಲ್ಲೇ ಓಡ್ತಾ ಇರುತ್ತವೆ, ಕೊಟ್ಟ ದುಡ್ಡು ದಂಡ. 2025ರ ಕೊನೆಯಿಂದ ರ‍್ಯಾಮ್ ದರ ವಿಪರೀತ ಏರಿದೆ. ನನ್ನ 13ರ ಪಾಲು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಡಿಡಿಆರ್4 ತಗೋ. ಕಂಪ್ಯೂಟರಿನಲ್ಲಿ ಹಳೇದನ್ನು ಧೈರ್ಯವಾಗಿ ಕೊಳ್ಳಬಹುದಾದ ಭಾಗ ಅಂದರೆ ಇದೇ. ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷಿಸೋ ಸಾಫ್ಟ್‌ವೇರ್) ನಾಲ್ಕು ಸುತ್ತು ಓಡಿಸು. ಒಂದೇ ಒಂದು ದೋಷ ತೋರಿಸಿದರೂ ವಾಪಸ್ ಕೊಡು.

ಎಸ್‌ಎಂಪಿಎಸ್: ಡಬ್ಬದ ಮೇಲಿನ "450 ವ್ಯಾಟ್" ಓದಬೇಡ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಆಂಪ್ಸ್ ಓದು. 12 ವೋಲ್ಟ್, 36 ಆಂಪ್ಸ್ ಅಂದರೆ 432 ವ್ಯಾಟ್, ಅದು ಸರಿ. 14–16 ಆಂಪ್ಸ್ ಅಂತಿದ್ದರೆ ಅಲ್ಲಿ ನಿಜವಾಗಿ ಸಿಗೋದು 200 ವ್ಯಾಟಿಗೂ ಕಡಿಮೆ, ಕಾರ್ಡು ಜೋರಾಗಿ ಎಳೆದ ಕ್ಷಣ ಪಿಸಿ ರೀಸ್ಟಾರ್ಟ್. 80 ಪ್ಲಸ್ ಬ್ರಾಂಜ್ (ದಕ್ಷತೆಯ ಗುರುತು) ಇರೋ 550 ವ್ಯಾಟಿನದು ತಗೋ, ನಾಳೆ ದೊಡ್ಡ ಕಾರ್ಡು ಹಾಕಿದರೂ ಉಳಿಯುತ್ತೆ.

ಎಸ್‌ಎಸ್‌ಡಿ 500 ಜಿಬಿ ಎನ್‌ವಿಎಂಇ (ವೇಗದ ಮಾದರಿ) ಸಾಕು. ಸೈಬರ್‌ಪಂಕ್ ಒಂದೇ 70 ಜಿಬಿ ಜಾಗ ಕೇಳುತ್ತೆ ಅನ್ನೋದು ನೆನಪಿರಲಿ.

ಇನ್ನೊಂದು: ನಿನ್ನ ಮಾನಿಟರ್ ಹಿಂದೆ ಎಚ್‌ಡಿಎಂಐ ಇದೆಯಾ? ಬರೀ ನೀಲಿ ವಿಜಿಎ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸೋ, ಒಳಗೆ ಚಿಪ್ ಇರೋ ಕನ್ವರ್ಟರ್ ಬೇಕು. ಬರೀ ತಂತಿಯಿಂದ ಆಗಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿ): ಎಚ್‌ಡಿಎಂಐ ಇದೆ ಸರ್. ಕಾರ್ಡನ್ನು ಸೆಕೆಂಡ್ ಹ್ಯಾಂಡ್ ತಗೊಂಡರೆ? ಎಸ್‌ಪಿ ರೋಡಿನಲ್ಲಿ (ಬೆಂಗಳೂರು) ಆರ್‌ಎಕ್ಸ್ 580, ಜಿಟಿಎಕ್ಸ್ 1060 ಕಡಿಮೆಗೆ ಸಿಗುತ್ತೆ ಅಂತಾರೆ.

ಉತ್ತರ (ಗ್ರಾಫಿಕ್ಸ್ ಕಾರ್ಡ್ ರಿಪೇರಿ, ಮೈಸೂರು): ಈ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಈ ಎರಡು ಕಾರ್ಡುಗಳ ಕಾಲ ಮುಗೀತಾ ಬಂತು. ಎನ್ವಿಡಿಯಾ ಜಿಟಿಎಕ್ಸ್ 10 ಸರಣಿಗೆ (1060 ಅದರದೇ) ಆಟಗಳ ಹೊಸ ಡ್ರೈವರ್ (ಕಾರ್ಡನ್ನು ನಡೆಸೋ ಸಾಫ್ಟ್‌ವೇರ್) ಕೊಡೋದನ್ನು 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿ ಭದ್ರತಾ ಅಪ್‌ಡೇಟ್ ಮಾತ್ರ ಉಳಿಸಿದೆ. ಜಿಟಿಎಕ್ಸ್ 1650 ಆ ಪಟ್ಟಿಯಲ್ಲಿಲ್ಲ, ಅದು ನಂತರದ ತಲೆಮಾರು. ಆರ್‌ಎಕ್ಸ್ 580ರಲ್ಲಿ ಇನ್ನೊಂದು ಕಳ್ಳದಾರಿ ಇದೆ. "2048ಎಸ್‌ಪಿ" ಅಂತ ಬರೆದಿದ್ದರೆ ಅದು ಹೆಸರಿಗೆ 580, ಒಳಗೆ 570.

ಸೆಕೆಂಡ್ ಹ್ಯಾಂಡ್ ತಗೊಳ್ಳೋದೇ ಆದರೆ 6600 ಅಥವಾ ಆರ್‌ಟಿಎಕ್ಸ್ 3060 12 ಜಿಬಿ ಹುಡುಕು. ಬರೀ ಡಿಸ್‌ಪ್ಲೇ ಬಂತು ಅಂತ ದುಡ್ಡು ಎಣಿಸಬೇಡ. ಮೊದಲು ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆ; ಬಯೋಸ್ ತಿದ್ದಿ ಹೆಸರು ಬದಲಿಸಿದ ಕಾರ್ಡಾದರೆ ಎಷ್ಟೋ ಸಲ ಹೆಸರಿನ ಹಿಂದೆ ನಕಲಿ ಅನ್ನೋ ಗುರುತು ಬರುತ್ತೆ. ಆಮೇಲೆ ಯೂನಿಜಿನ್ ಸೂಪರ್‌ಪೊಸಿಷನ್ (ಕಾರ್ಡಿನ ಪರೀಕ್ಷೆಯ ಸಾಫ್ಟ್‌ವೇರ್) ಅಥವಾ ಯಾವುದಾದರೂ ಭಾರದ ಆಟ 20 ನಿಮಿಷ ಓಡಿಸು, ಪಕ್ಕದಲ್ಲಿ ಎಚ್‌ಡಬ್ಲ್ಯುಇನ್ಫೋ (ತಾಪ ತೋರಿಸೋ ಸಾಫ್ಟ್‌ವೇರ್) ಇರಲಿ. ಚಿಪ್ಪಿನ ತಾಪಕ್ಕೂ ಹಾಟ್‌ಸ್ಪಾಟಿಗೂ (ಚಿಪ್ಪಿನ ಅತಿ ಬಿಸಿ ಜಾಗ) 25–30 ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಶಾಖ ದಾಟಿಸೋ ಪೇಸ್ಟ್ ಒಣಗಿರಬಹುದು, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಅದು ಸರಿಹೋಗೋ ಕೆಲಸ, ಅಷ್ಟು ಬೆಲೆ ಇಳಿಸು. ಪರದೆ ಮೇಲೆ ಬಣ್ಣದ ಚುಕ್ಕಿ, ಚೌಕಳಿ, ಗೆರೆ ಬಂದರೆ ಮೆಮೊರಿ ಹೋಗಿರಬಹುದು, ಅರ್ಧ ಬೆಲೆಗೂ ಬೇಡ. "ಓವನ್ನಿನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತೆ" ಅನ್ನೋರ ಮಾತು ಕೇಳಬೇಡ. ಸರಿಯಾದ ಹಾಗೆ ಕಂಡರೂ ಕೆಲವೇ ವಾರದಲ್ಲಿ ಮತ್ತೆ ಅದೇ ಪಾಡು.

ಕಾರ್ಡಿನ ಸೀರಿಯಲ್ ನಂಬರ್, ಡಬ್ಬದ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಬೇಕು. ಹೊಸ ಕಾರ್ಡಿಗೆ ಭಾರತದಲ್ಲಿ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ. ಜಿಎಸ್‌ಟಿ ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ, ಆ ಮೂರು ವರ್ಷವನ್ನೂ ನೀನೇ ಬಿಟ್ಟುಕೊಟ್ಟ ಹಾಗೆ.

ಪ್ರಶ್ನೆ (ಪೋಷಕರು, ಸಾಗರ): ಮಗನಿಗೆ ಇದೇ ತರದ್ದು ಕೊಡಿಸಬೇಕು. ಮಳೆಗಾಲದಲ್ಲಿ ದಿನಕ್ಕೆ ಐದಾರು ಸಲ ಕರೆಂಟು ಹೋಗುತ್ತೆ. ಮನೆಯಲ್ಲಿ 600 ವಿಎ ಯುಪಿಎಸ್ ಇದೆ, ಸಾಕಾ? ಈಗಿರೋ ಹಳೇ ಕಂಪ್ಯೂಟರ್ ಮುಟ್ಟಿದರೆ ಜುಮ್ಮೆನ್ನುತ್ತೆ, ಅದಕ್ಕೇನು ಕಾರಣ?

ಉತ್ತರ (ಜೋಡಣೆಯವರು, ಬೆಂಗಳೂರು): ಸರ್, ಎರಡನೇ ಪ್ರಶ್ನೆಯೇ ಮೊದಲು ಬಗೆಹರಿಯಬೇಕು. ಎಸ್‌ಎಂಪಿಎಸ್ ಒಳಗೆ ಗದ್ದಲ ತಡೆಯೋ ಸಣ್ಣ ಕೆಪಾಸಿಟರ್‌ಗಳು ಲೈನಿನಿಂದ ಕ್ಯಾಬಿನೆಟ್ ಕಡೆಗೆ ಇರುತ್ತವೆ. ಅರ್ಥಿಂಗ್ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಹೋಗುತ್ತೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನಲ್ಲಿ ನಿಂತು ಕೈಗೆ ಜುಮ್ಮೆನ್ನುತ್ತೆ. ಜುಮ್ಮೆನ್ನೋಕೆ ಬೇರೆ ದೋಷವೂ ಇರಬಹುದು, ಹಾಗಾಗಿ ಉದಾಸೀನ ಬೇಡ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ. ಫೇಸ್–ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಇವತ್ತೇ ತೆಗೆಸಿ.

600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಮೇಲಿನ ಪಿಸಿ ಆಟದ ಹೊತ್ತಿನಲ್ಲಿ ಮಾನಿಟರ್ ಸೇರಿ 300ರ ಆಸುಪಾಸು ಎಳೆಯುತ್ತೆ. ಬ್ಯಾಟರಿ ಹೊಸದಿದ್ದರೆ ಸೇವ್ ಮಾಡಿ ಮುಚ್ಚೋಕೆ ಎರಡು ಮೂರು ನಿಮಿಷ ಸಿಗಬಹುದು. ಬ್ಯಾಟರಿಗೆ ವಯಸ್ಸಾಗಿದ್ದರೆ ಕರೆಂಟು ಹೋದ ಕ್ಷಣವೇ ಪೀಂ ಅಂತ ಕೂಗಿ ಆಫ್. 1000–1100 ವಿಎ, 600 ವ್ಯಾಟಿನದು ನೆಮ್ಮದಿ. ಮನೆ ಇನ್ವರ್ಟರ್ ಮೇಲೆ ಓಡಿಸೋದಾದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ. ಎಸ್‌ಎಂಪಿಎಸ್ ತುಂಬಿದ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತೆ. ಇನ್ವರ್ಟರ್ ಬದಲಾಗೋದು ಅದಕ್ಕಿಂತ ತಡವಾದರೆ ಪಿಸಿ ರೀಸ್ಟಾರ್ಟ್ ಆಗುತ್ತೆ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ): ನನ್ನ ಹತ್ತಿರ 30,000 ಅಷ್ಟೇ ಅಣ್ಣ. ಆಸೆ ಬಿಡಬೇಕಾ?

ಉತ್ತರ (ಜೋಡಣೆಯವರು, ಬೆಂಗಳೂರು): ಬಿಡಬೇಡ. ಕಚೇರಿಗಳಿಂದ ಬಂದ ರಿಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರೋ ಹಳೇ) ಪಿಸಿಗಳಲ್ಲಿ ಎಂಟನೇ ತಲೆಮಾರಿನದು ಹುಡುಕು: ಡೆಲ್ ಆಪ್ಟಿಪ್ಲೆಕ್ಸ್ 3060, 5060, 7060 ಅಥವಾ ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4, ಐ5-8500 ಇರೋದು. 6 ಕೋರ್ ಸಿಗುತ್ತೆ, ವಿಂಡೋಸ್ 11 ನಡೆಯುತ್ತೆ. ಅದಕ್ಕೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. 70 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ, ಸ್ಲಾಟಿನಿಂದಲೇ ಓಡುತ್ತೆ. 8 ಜಿಬಿಯ 3050 ಬೇರೆ, ಅದಕ್ಕೆ 130 ವ್ಯಾಟ್ ಬೇಕು. ಬಿಲ್ ಮಾಡಿಸೋವಾಗ ಎರಡನ್ನೂ ಕಲಸಬೇಡ. ಪಿಸಿ ದೊಡ್ಡ ಟವರ್ ಆಗಿರಲಿ. ತೆಳ್ಳಗಿನದಾದರೆ ಗಿಡ್ಡ ಬ್ರಾಕೆಟ್ಟಿನ ಕಾರ್ಡೇ ಬೇಕು, ಡೆಲ್‌ನ ತೆಳ್ಳನೆ ಮಾದರಿಗಳಲ್ಲಿ ಎಸ್‌ಎಂಪಿಎಸ್ 200 ವ್ಯಾಟಿನದು. ಇವುಗಳ ಎಸ್‌ಎಂಪಿಎಸ್ ಕನೆಕ್ಟರ್ ಮಾಮೂಲಿನದಲ್ಲ, ಅಂಗಡಿಯಲ್ಲಿ ಸಿಗೋ ಎಟಿಎಕ್ಸ್ ಎಸ್‌ಎಂಪಿಎಸ್ ನೇರವಾಗಿ ಕೂರಲ್ಲ.

ಕಾರ್ಡು ಹಾಕಿದ ಮೇಲೂ ಫ್ರೇಮ್ ಹೆಚ್ಚಲಿಲ್ಲ ಅಂದರೆ ಮೊದಲು ಪಿಸಿಯ ಹಿಂದೆ ನೋಡು. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲೇ ಉಳಿದಿರುತ್ತೆ. ಅದನ್ನು ಕಿತ್ತು ಕಾರ್ಡಿನ ಕಿಂಡಿಗೆ ಹಾಕು.