ಕೆರೆ, ತೋಡುಗಳನ್ನು ಪಾಲಿಕೆಯ ಆಸ್ತಿ ರಿಜಿಸ್ಟರಿಗೆ ಸೇರಿಸುವುದು ಹೇಗೆ?

ಪ್ರಶ್ನೆ: ಮಂಗಳೂರಿನಂಥ ಊರಲ್ಲಿ ರಸ್ತೆ, ಪೈಪು, ಪಂಪಿಗೆಲ್ಲ ಬೆಲೆ ಕಟ್ಟಬಹುದು. ಕಾವೂರು ಕೆರೆಗೆ, ತೋಡಿಗೆ (ನೀರು ಹರಿಯುವ ಸಣ್ಣ ಹಳ್ಳಕ್ಕೆ) ಎಷ್ಟು ಬರೆಯೋದು?

ಉತ್ತರ 1: ಬೆಲೆಗೆ ತಲೆ ಕೆಡಿಸಿಕೊಳ್ಳಬೇಡಿ. ಪುಕ್ಕಟೆ ಬಂದ ಸರ್ಕಾರಿ ಜಾಗಕ್ಕೆ 1 ರೂಪಾಯಿ ಬರೆಯುವುದು ಲೆಕ್ಕದ ರೂಢಿ. ಮೊದಲು ಪಹಣಿ ನೋಡಿ, ಸರ್ವೆ ಮಾಡಿಸಿ, ಗಡಿಕಲ್ಲು ಹಾಕಿಸಿ. ಜಾಗ ಬೇರೆ ಇಲಾಖೆಯದ್ದಾದರೆ ‘ನಿರ್ವಹಣೆ ಮಾತ್ರ’ ಎಂದು ನಮೂದಿಸಿ. ಆಮೇಲೆ ಆಳ ಅಳೆಯಿರಿ: ಒಂದು ಎಕರೆಯಲ್ಲಿ ಅರ್ಧ ಮೀಟರ್ ಹೂಳು ಕೂತರೆ ಸುಮಾರು 20 ಲಕ್ಷ ಲೀಟರ್ ನೀರಿನ ಜಾಗ ಹೋಯಿತು.

ಉತ್ತರ 2: ತೋಡಿನ ತಳಕ್ಕೆ ಕಾಂಕ್ರೀಟ್ ಸುರಿದರೆ ರಿಜಿಸ್ಟರಲ್ಲಿ ಮೌಲ್ಯ ಏರುತ್ತೆ, ಪಕ್ಕದ ಬಾವಿಯ ಒರತೆ ಇಳಿಯುತ್ತೆ! ಅದಕ್ಕೇ ಮೇ ತಿಂಗಳ ಬಾವಿ ಮಟ್ಟಕ್ಕೂ ಒಂದು ಕಾಲಂ ಇಡಿ. ಕೆನಡಾದ ಗಿಬ್ಸನ್ಸ್ ಪಟ್ಟಣ ಅಂತರ್ಜಲವನ್ನೂ ಆಸ್ತಿಯೆಂದೇ ನೋಡಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಹೂಳೆತ್ತುವ ಖರ್ಚು?

ಉತ್ತರ 1: ವರ್ಷವರ್ಷದ ನಿರ್ವಹಣೆಗೆ ಹಾಕಿ. ಮೇ ಮುಗಿಯುವುದರೊಳಗೆ ಕೆಲಸ ಆಗಬೇಕು. ಎತ್ತಿದ ಮಣ್ಣನ್ನು ದಂಡೆಯಲ್ಲೇ ಬಿಟ್ಟರೆ ಮೊದಲ ಮಳೆಗೇ ವಾಪಸ್.